ಸೆರಗಿನ ಹಿಂಬದಿ

ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಅಂಗೈಯಗಲದ ಕಸೂತಿಯ ತುಣುಕೊಂದನ್ನು ಕತ್ತರಿಸಿ ತೆಗೆದು, ಅದರ ಸುತ್ತ ಬಗೆಬಗೆಯ ಚಿಂದಿಗಳನ್ನು ಕೈಹೊಲಿಗೆಯಿಂದ ಜೋಡಿಸಿ, ಗಾಜಿನ ಚೌಕಟ್ಟಿನೊಳಗಿರಿಸಿ, ನೂತನ ಕಲಾಕೃತಿಯೆಂಬ ಅಭಿಧಾನವನ್ನಿತ್ತು ಗೋಡೆಗೆ ತೂಗುಹಾಕುವ ಪದ್ಧತಿಯು ಈಚೆಗೆ ನಮ್ಮ ನಗರಗಳ ಪ್ರದರ್ಶನಗಳಲ್ಲಿಯೂ ಅನುಕೂಲಸ್ಥರ ಪಡಸಾಲೆಗಳಲ್ಲಿಯೂ ಕಾಣಬರುತ್ತಿದೆ. ಇದನ್ನು ನಾನು ಹಳಿಯಲಾರೆ. ಟ್ರಂಕಿನ ತಳದಲ್ಲಿ ನುಸಿಗೆ ಆಹಾರವಾಗುವುದಕ್ಕಿಂತ, ಪಾತ್ರೆ ಮಾರುವವಳ ಬುಟ್ಟಿಗೆ ಬಿದ್ದು ಒಂದು ಸ್ಟೀಲ್ ಡಬ್ಬಿಗೆ ವಿನಿಮಯವಾಗುವುದಕ್ಕಿಂತ, ಗೋಡೆಯ ಮೇಲಿನ ಬಾಳು ಲೇಸೇ ಸರಿ. ನನ್ನ ಆಕ್ಷೇಪವೆಲ್ಲ ಆ ಚೌಕಟ್ಟಿನ ಹಿಂದೆ ಬಡಿದ ಹಲಗೆಯನ್ನು ಕುರಿತದ್ದು.

ಕಸೂತಿಯನ್ನು ಬಲ್ಲವರು ಮೊದಲು ಬಟ್ಟೆಯನ್ನು ಮಗುಚಿ ನೋಡುತ್ತಾರೆ. ಧಾರವಾಡ ಸೀಮೆಯ ಹೆಂಗಸರು ಬಟ್ಟೆಯ ಮೇಲೆ ಗೆರೆಯನ್ನೇ ಎಳೆಯದೆ, ಬರಿಯ ಎಳೆಗಳನ್ನೆಣಿಸುತ್ತ, ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆಗಳನ್ನು ಮೂಡಿಸುವಾಗ, ಗವಂತಿಯ ಹೊಲಿಗೆಯಲ್ಲಿ ಸೂಜಿಯು ಹೋಗುತ್ತ ಎಡೆ ಬಿಟ್ಟು ಬಿಟ್ಟು ಸಾಗಿ, ಮರಳುತ್ತ ಆ ಎಡೆಗಳನ್ನೆಲ್ಲ ತುಂಬಿಕೊಂಡು, ಹೊರಟ ತಾಣಕ್ಕೇ ಬಂದು ಸೇರುವುದು, ಗಂಟು ಹಾಕುವಂತಿಲ್ಲ, ಮೇಲಣ ರೂಪವೇ ಕೆಳಗೂ ಇರತಕ್ಕದ್ದು. ಮುರಗಿ ಎಂಬ ಹೊಲಿಗೆಯ ನಿಯಮವೂ ಅದೇ. ನೇಗಿ, ಮೆಂತಿ ಎಂಬ ಹೊಲಿಗೆಗಳ ಮಾತು ಬೇರೆ. ಗವಂತಿ, ಮುರಗಿಗಳಂಥ ಕೆಲಸದ ಬೆನ್ನಿಗೆ ಹಲಗೆ ಬಡಿದವರು ಅದರ ಅರ್ಧವನ್ನು, ಅದೂ ಹೆಚ್ಚು ಪ್ರಯಾಸದ ಅರ್ಧವನ್ನು, ಮರೆಮಾಡಿದಂತಾಯಿತು.

ಜೀರ್ಣವಸ್ತ್ರಕ್ಕೆ ಮರುಜನ್ಮ ಕೊಡುವ ವಿದ್ಯೆ ನಮಗೆ ಹೊಸತೇನೂ ಅಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಮೊದಲುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ತಂದು ನಿಲ್ಲಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ಚೂರುಗಳನ್ನು, ಅಂದರೆ ಅವರ ಮಾತಿನ ‘ಫೂಲ’ಗಳನ್ನು, ಹೊಲಿಯದ ಹೊರತು ಆ ಕೌದಿ ಬತ್ತಲೆಯೆಂದೇ ಅವರ ಭಾವನೆ. ಇದರ ಯೋಗ್ಯತೆಯನ್ನರಿತ ಅಮೆರಿಕೆಯ ಕಲಾ ಇತಿಹಾಸಜ್ಞ ಹೆನ್ರಿ ಡ್ರೂವಲ್ಲರ ಪ್ರೇರಣೆಯಿಂದ 2004ರಲ್ಲಿ ಈ ಹೆಂಗಸರ ಸಹಕಾರ ಕೂಟವೊಂದು ಏರ್ಪಟ್ಟಿತೆಂಬುದನ್ನು ನೆನೆದಾಗ, ಪಕ್ಕದ ಜಿಲ್ಲೆಗಳಲ್ಲೇ ಇದ್ದ ನಮಗೆ ತುಸು ನಾಚಿಕೆಯಾದರೆ ತಪ್ಪಿಲ್ಲ. ಕೌದಿ ಹೊಲಿದವಳಿಗೆ ಯಾವ ಚೂರು ಯಾರ ಸೀರೆಯದು, ಯಾವ ಮಗುವಿನ ಲಂಗದ್ದು ಎಂಬ ಸ್ಮರಣೆ ಇರುತ್ತದೆ. ಪ್ರದರ್ಶನದ ಚೀಟಿಯಲ್ಲಾದರೋ ಕತ್ತರಿ ಹಿಡಿದವರ ಹೆಸರುಂಟು. ಕಣ್ಣು ಸೋಲುವವರೆಗೆ ಎಳೆಯೆಣಿಸಿದವಳು ‘ಹಳೆಯ ಬಟ್ಟೆ’ ಎಂಬೆರಡು ಪದಗಳಲ್ಲಿ ಮುಗಿದುಹೋಗುತ್ತಾಳೆ. ಹೆಸರು ತಿಳಿಯದು ನಿಜ. ಸೀರೆ ಯಾವ ಊರಿನಿಂದ ಬಂತು, ಹೊಲಿಗೆ ಯಾವುದು ಎಂಬಷ್ಟನ್ನಾದರೂ ವಿಚಾರಿಸಿ ಬರೆಯುವುದು ಅಸಾಧ್ಯವೆ?

ಕಲಾವಿದರಲ್ಲಿ ನನ್ನ ಬಿನ್ನಹವಿಷ್ಟೆ: ಚೌಕಟ್ಟಿನ ಹಿಂದೆಯೂ ಗಾಜನ್ನೇ ಹಾಕಿರಿ. ಮನೆಯಲ್ಲಿ ಅಜ್ಜಿಯ ಚಂದ್ರಕಾಳಿ ಸೀರೆಯೊಂದು ಉಳಿದಿದ್ದರೆ, ಓದುಗರೇ, ಅದು ಯಾರ ಕೈ ಸೇರುವುದಕ್ಕೂ ಮೊದಲು, ಅವಳ ಹೆಸರನ್ನೂ ಊರನ್ನೂ ಬರೆದ ಬಟ್ಟೆಯ ಚೂರೊಂದನ್ನು ಸೆರಗಿನ ಮೂಲೆಗೆ ಹೊಲಿದಿಡಿರಿ.