ಸೇನೆಯ ವೈದ್ಯರೂ ಬಾಂಡಿನ ವರ್ಷಗಳೂ

ಲಕ್ಷ್ಮೇಶ್ವರದ ಸುತ್ತಲಿನ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ವೈದ್ಯರಾಗಬಯಸುವವರು ಹಲವರು. ಪುಣೆಯ ಸಶಸ್ತ್ರ ಸೇನಾ ವೈದ್ಯಕೀಯ ಕಾಲೇಜಿನ ಮಾತು ಬಂದೊಡನೆ ಅವರ ತಂದೆತಾಯಿಗಳು ಕೇಳುವ ಮೊದಲ ಪ್ರಶ್ನೆ: “ಬಾಂಡ್ ಎಷ್ಟ ವರ್ಷದ್ದ ಐತ್ರೀ ಸರ?”

ಪ್ರಶ್ನೆ ಅನುಚಿತವಲ್ಲ. 1948ರಲ್ಲಿ ಸ್ಥಾಪಿತವಾದ ಆ ಕಾಲೇಜು 1962ರಿಂದ ಎಂ.ಬಿ.ಬಿ.ಎಸ್. ಶಿಕ್ಷಣವನ್ನೂ ನೀಡುತ್ತಿದೆ. ಸರಕಾರ ಓದಿಸುತ್ತದೆ, ಓದಿದವನು ಸೇನೆಯಲ್ಲಿ ದುಡಿಯಬೇಕು, ಒಲ್ಲೆನೆಂದರೆ ಹಣ ತೆರಬೇಕು. ಇದು ನ್ಯಾಯವಾದ ಕರಾರೇ. ಆದರೆ ಕರಾರಿನಿಂದ ವೈದ್ಯನನ್ನು ಸೇನೆಗೆ ಕರೆತರಬಹುದಲ್ಲದೆ, ಅನುಭವ ಪಕ್ವವಾದ ಕಾಲಕ್ಕೆ ಖಾಸಗಿ ಆಸ್ಪತ್ರೆಯ ಸಂಬಳ ಕರೆದಾಗ ಅವನನ್ನು ನಿಲ್ಲಿಸಿಕೊಳ್ಳಲಾಗದೆಂಬುದು ನಮ್ಮ ಅಭಿಪ್ರಾಯ. ಅವನನ್ನು ನಿಲ್ಲಿಸುವುದು ಬೇರೆಲ್ಲಿಯೂ ದೊರೆಯದ ಕೆಲಸ.

ಅಂಥ ಕೆಲಸವಾವುದೆಂದು ತಿಳಿಯಲು ನಮ್ಮ ಪ್ರಯೋಗಶಾಲೆಯ ವಾಯುಭಾರಮಾಪಕವನ್ನೇ ನೋಡೋಣ. ಪಠ್ಯಪುಸ್ತಕ 76 ಸೆಂಟಿಮೀಟರ್ ಎಂದರೂ, ಸಮುದ್ರಮಟ್ಟಕ್ಕಿಂತ ಆರುನೂರು ಮೀಟರುಗಳಿಗೂ ಮೇಲಿರುವ ನಮ್ಮ ಊರಿನಲ್ಲಿ ಪಾದರಸ 70ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. (ಉಪಕರಣ ಕೆಟ್ಟಿದೆಯೆಂದು ಪ್ರತಿವರ್ಷವೂ ಒಬ್ಬನಾದರೂ ದೂರುತ್ತಾನೆ!) 18,000 ಅಡಿ ಎತ್ತರದಲ್ಲಿ ಅದು 38ಕ್ಕೆ ಇಳಿಯುತ್ತದೆ; ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅರ್ಧವಾಗುತ್ತದೆ. 1962ರ ಯುದ್ಧದಲ್ಲಿ ಬಯಲುನಾಡಿನ ಯೋಧರನ್ನು ಅವಸರದಿಂದ ಹಿಮಾಲಯಕ್ಕೆ ಏರಿಸಬೇಕಾಯಿತು. ತಲೆನೋವು, ವಾಂತಿ, ಏದುಸಿರು ಅವರನ್ನು ಬಾಧಿಸಿದವು. ಕೆಲವರ ಶ್ವಾಸಕೋಶಗಳಲ್ಲಿ ನೀರು ತುಂಬಿತು. ಸೇನಾವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಇಂತಹ 1,925 ಯೋಧರ ಅವಲೋಕನಗಳನ್ನು 1969ರಲ್ಲಿ ಪ್ರಕಟಿಸಿದರು. ಪರ್ವತರೋಗವನ್ನು ಕುರಿತ ಬರಹಗಳು ಇಂದಿಗೂ ಆ ಲೇಖನವನ್ನು ಉಲ್ಲೇಖಿಸುತ್ತವೆ. ಇಷ್ಟು ಸಾಮಗ್ರಿ ಯಾವ ನಗರದ ಆಸ್ಪತ್ರೆಯಲ್ಲಿ ದೊರೆತೀತು?

ಉನ್ನತ ವ್ಯಾಸಂಗದ ಅವಕಾಶವೂ ಅಷ್ಟೇ ಮುಖ್ಯ. 1960ರಲ್ಲಿ ಧಾರವಾಡದಲ್ಲಿ ಜನಿಸಿದ ಮಾಧುರಿ ಕಾನಿಟ್ಕರ್ ಪುಣೆಯ ಆ ಕಾಲೇಜಿನಲ್ಲಿಯೇ ಓದಿ, ಮಕ್ಕಳ ಮೂತ್ರಪಿಂಡರೋಗಗಳಲ್ಲಿ ಪರಿಣತರಾಗಿ, ಅಲ್ಲಿಯೇ ಡೀನ್ ಆದರು. 2020ರಲ್ಲಿ ಲೆಫ್ಟಿನೆಂಟ್ ಜನರಲ್ ಪದವಿಗೇರಿದರು. ಸೇವೆಯಲ್ಲಿದ್ದೇ ಕಲಿಯುವ ದಾರಿ ತೆರೆದಿದ್ದುದರಿಂದ ಇದು ಸಾಧ್ಯವಾಯಿತು.

ಆದುದರಿಂದ ಬಾಂಡಿನ ವರ್ಷಗಳನ್ನು ಹೆಚ್ಚಿಸುವುದಕ್ಕಿಂತ ವಿಶೇಷ ತರಬೇತಿಯ ಸ್ಥಾನಗಳನ್ನೂ ಸಂಶೋಧನೆಗೆ ಬಿಡುವನ್ನೂ ಹೆಚ್ಚಿಸುವುದು ಲೇಸು. ಮಕ್ಕಳು ಹತ್ತನೆಯ ತರಗತಿಯಲ್ಲಿಯೋ ಪಿ.ಯು.ಸಿ.ಯಲ್ಲಿಯೋ ಇರುವಾಗ ವರ್ಗಾವಣೆಯನ್ನು ಆದಷ್ಟು ತಪ್ಪಿಸಬೇಕು. ಯುದ್ಧಕಾಲದಲ್ಲಿ ಇದು ನಡೆಯದೆಂಬುದನ್ನು ನಾವು ಬಲ್ಲೆವು, ಶಾಂತಿಕಾಲದಲ್ಲಿಯಾದರೂ ನಡೆಯಬಹುದಲ್ಲವೆ?