ಲೇವಡಿಗೆ ತಮಾಷೆ ಅನ್ನಬೇಡಿ

ಚನ್ನಪಟ್ಟಣದಲ್ಲಿ ಹಾಲೆಮರದ ಬುಗುರಿಗೆ ಅರಗಿನ ಬಣ್ಣ ಹಚ್ಚುತ್ತಿದ್ದ ಹಿರಿಯರೊಬ್ಬರು ಮಗನನ್ನು ಉರ್ದುವಿನಲ್ಲಿ ಗದರಿದರು: ‘ತಮಾಷಾ’ ನೋಡ್ತಾ ನಿಂತೆಯಾ ಅಂತ. ಅವರ ಮಾತಿನಲ್ಲಿ ಅದು ನೋಟ. ನಮ್ಮ ಕನ್ನಡದಲ್ಲಿ ನಗು. ಅರಬ್ಬಿ ಮೂಲದಲ್ಲಿ ನಡೆದಾಡುವುದು ಎಂಬರ್ಥವಿದ್ದ ಪದ ಪಾರಸಿಯಲ್ಲಿ ಅಡ್ಡಾಟ, ನೋಟವಾಯಿತು. ಮರಾಠಿಯಲ್ಲಿ ಢೋಲ್ಕಿ, ಲಾವಣಿಗಳ ಆಟವೇ ಆಗಿ ರಂಗವೇರಿತು. ಎಷ್ಟು ಚೆಂದದ ಪಯಣ!

ಆದರೆ ಈ ಚೆಂದದ ಪದದ ಮರೆಯಲ್ಲಿ ನೋಯಿಸುವವರೂ ಇದ್ದಾರೆ. ಈಚೆಗೆ ಮಾಗಡಿಯ ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲೇ ಯಾರೋ ಒಬ್ಬರು ನನ್ನ ತಂಗಿಯ ಮಗಳ ಮೈಬಣ್ಣ ಆಡಿಕೊಂಡರು. ಹುಡುಗಿಯ ಕಣ್ಣು ತುಂಬಿತು. ‘ತಮಾಷೆಗಂದೆ ಕಣವ್ವ, ಅದಕ್ಯಾಕೆ ಅಳ್ತೀಯ’ ಅಂದರು. ಅದು ತಮಾಷೆಯಲ್ಲ, ಲೇವಡಿ. ಅದಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿದೆ, ಆ ಹೆಸರಿನಿಂದಲೇ ಕರೆಯೋಣ. ಹೋಳಿಗೆ ಮುಟ್ಟದೆ, ಎಲೆ ಮಡಚಿ ಎದ್ದಳು ಅವಳು.