ಹುಡುಕಿದ್ದು ಸಿಕ್ಕಲಿಲ್ಲ

ಅನಾಹುತ ಬಂದೆರಗಿದಾಗ ಜನ ದಿಕ್ಕೆಟ್ಟು, ಹೆತ್ತ ಮಕ್ಕಳನ್ನೂ ಮರೆತು ಓಡುವರೆಂಬುದು ಲೋಕದ ನಂಬಿಕೆ. 1950ರ ಸುಮಾರಿಗೆ ಅಮೆರಿಕದ ಸೇನೆಗೂ ಇದೇ ಚಿಂತೆ ಹತ್ತಿತ್ತು: ಅಣುಬಾಂಬು ಬಿದ್ದರೆ ನಗರದ ಜನ ಏನು ಮಾಡಿಯಾರು? ಉತ್ತರ ಹುಡುಕಲು ಅದು ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರಿಗೆ ಹಣ ಒದಗಿಸಿತು. ಬಾಂಬು ಹಾಕಿ ನೋಡುವಂತಿಲ್ಲವಷ್ಟೆ! ಸುಂಟರಗಾಳಿಯೋ ಸ್ಫೋಟವೋ ಆದ ಊರುಗಳಿಗೆ ಹೋಗಿ, ಬದುಕುಳಿದವರನ್ನು ಮಾತನಾಡಿಸುವುದೊಂದೇ ದಾರಿಯಾಗಿತ್ತು.

ಆ ತಂಡದಲ್ಲಿ ಎನ್ರಿಕೊ ಕ್ವಾರಂಟೆಲಿ ಎಂಬ ವಿದ್ಯಾರ್ಥಿಯಿದ್ದ. ತನ್ನ ಎಂ.ಎ. ಪ್ರಬಂಧಕ್ಕೆ ಆತ ಆರಿಸಿಕೊಂಡದ್ದು ಈ ದಿಕ್ಕೆಟ್ಟ ಓಟವನ್ನೇ. ಆದರೆ ಸಂದರ್ಶನದ ಕಾಗದಗಳನ್ನೆಲ್ಲ ಜಾಲಾಡಿದರೂ ನಿಜವಾಗಿ ಹಾಗೆ ಓಡಿದವರು ಬಹು ವಿರಳ. ಭಯಪಟ್ಟವರು ಬೇಕಾದಷ್ಟು ಮಂದಿ. ಆ ಭಯದ ನಡುವೆಯೇ ಅವರು ಮನೆಯವರನ್ನು ಹುಡುಕಿದ್ದರು, ನೆರೆಯವರಿಗೆ ಕೈ ಕೊಟ್ಟು ಎತ್ತಿದ್ದರು. ಅರಸಿ ಹೊರಟ ವಸ್ತುವೇ ಸಿಕ್ಕದ ಶಿಷ್ಯನಿಗೆ “ವಿಷಯ ಬದಲಿಸಪ್ಪ” ಎನ್ನುವ ಗುರುಗಳೇ ಲೋಕದಲ್ಲಿ ಹೆಚ್ಚು. ಇಲ್ಲಿ ಹಾಗಾಗಲಿಲ್ಲ. 1953ರಲ್ಲಿ ಆ ಪ್ರಬಂಧ ಅಂಗೀಕೃತವಾಯಿತು.

ಹತ್ತು ವರ್ಷಗಳ ತರುವಾಯ, 1963ರಲ್ಲಿ, ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಕ್ವಾರಂಟೆಲಿಯವರು ರಸೆಲ್ ಡೈನ್ಸ್ ಹಾಗೂ ಯೂಜೀನ್ ಹಾಸ್ ಅವರೊಡನೆ ವಿಪತ್ತು ಸಂಶೋಧನ ಕೇಂದ್ರವನ್ನು ತೆರೆದರು. ಈಗ ಶಿಷ್ಯರನ್ನು ಕಳುಹಿಸುವ ಸರದಿ ಅವರದು. 1964ರ ಮಾರ್ಚ್ 27ರ ಸಂಜೆ ಅಲಾಸ್ಕದಲ್ಲಿ ಭೂಮಿ ನಾಲ್ಕು ನಿಮಿಷಕ್ಕೂ ಮಿಕ್ಕಿ ನಡುಗಿತು. ಭೂಕಂಪದ ಪ್ರಮಾಣ 9.2. ಎರಡು ದಿನ ಕಳೆಯುವ ಮುನ್ನವೇ ಕೇಂದ್ರದ ತಂಡ ಆಂಕರೇಜ್ ನಗರದಲ್ಲಿತ್ತು. ಬೀದಿಯುದ್ದಕ್ಕೂ ನೆಲ ಕುಸಿದಿದ್ದ ಆ ಊರಿನಲ್ಲಿ ಶೋಧನ ಕಾರ್ಯವನ್ನು ನಡೆಸಿದವನು ಪೊಲೀಸ್ ಅಧಿಕಾರಿಯಲ್ಲ, ಪರ್ವತಾರೋಹಣ ಬಲ್ಲ ಒಬ್ಬ ಅಧ್ಯಾಪಕ! ಜೀನಿ ಚಾನ್ಸ್ ಎಂಬ ಬಾನುಲಿ ವರದಿಗಾರ್ತಿ ಮನೆಮನೆಯ ಕ್ಷೇಮಸಮಾಚಾರವನ್ನು ಶಾಂತವಾಗಿ ಓದಿ ಹೇಳುತ್ತಿದ್ದರು.

ಯೋಜನೆಯ ಕಡತದಲ್ಲಿ ಇಂಥವರಿಗೆ ಸ್ಥಳವಿರಲಿಲ್ಲ. ಗುರುಗಳ ಶಾಸ್ತ್ರದಲ್ಲಿಯೂ ಆಗಿನ್ನೂ ಸ್ಥಳವಾಗಿರಲಿಲ್ಲ. ಕ್ಷೇತ್ರದಿಂದ ಶಿಷ್ಯರು ಹೊತ್ತು ತಂದ ವರದಿಗಳನ್ನು ಕೂಡಿಸಿ, 1970ರ ತಮ್ಮ ಗ್ರಂಥದಲ್ಲಿ ಡೈನ್ಸ್ ಅವರು ವಿಪತ್ತಿನಲ್ಲಿ ದುಡಿಯುವ ಸಂಸ್ಥೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ನಾಲ್ಕನೆಯದು, ಆ ಗಳಿಗೆಯಲ್ಲಿಯೇ ತಾನಾಗಿ ಹುಟ್ಟಿಕೊಳ್ಳುವ ಗುಂಪು.

ಕೇಂದ್ರ 1985ರಲ್ಲಿ ಡೆಲವೇರ್ ವಿಶ್ವವಿದ್ಯಾನಿಲಯಕ್ಕೆ ಸ್ಥಳಾಂತರವಾಯಿತು; ಕ್ವಾರಂಟೆಲಿಯವರು 2017ರಲ್ಲಿ ತೀರಿಕೊಂಡರು. ಅಲ್ಲಿಯ ಗ್ರಂಥಭಂಡಾರಕ್ಕೆ ಅವರದೇ ಹೆಸರು. ಇಂದಿಗೂ ಎಲ್ಲಿಯಾದರೂ ಬಿರುಗಾಳಿ ಎದ್ದಾಗ ಆ ಕೇಂದ್ರದಿಂದ ಹೊರಡುವವರಲ್ಲಿ ವಿದ್ಯಾರ್ಥಿಗಳಿರುತ್ತಾರೆ.